ನಾನೇ ಕೇಳಿದರೂ ಮುಟ್ಟಬೇಡಿ

ಟೈಲರಮ್ಮ ಮೊದಲ ಸಲ ಆಸ್ಪತ್ರೆಯ ನಮ್ಮ ಮೂರನೇ ಮಹಡಿಗೆ ಬಂದಾಗ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು, ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡಳು, ಕೂರುವ ಮೊದಲು ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು ಹಾಸಿದಳು. ಆ ಬಟ್ಟೆಯ ಅಂಚಿನ ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ನಾನು ಅವಳ ಮುಖಕ್ಕಿಂತ ಮೊದಲು ಅದನ್ನೇ ನೋಡಿದೆ. ಆಮೇಲೆ ಕೈ ನೋಡಿದೆ. ಮನೋರೋಗ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿ ದುಡಿದವಳು ನಾನು. ಅಂಥ ಕೈ ಕಂಡಿರಲಿಲ್ಲ. ಬೆರಳ ಸಂದಿಯಲ್ಲೆಲ್ಲ ಚರ್ಮ ಸೀಳಿ, ಮಣಿಕಟ್ಟಿನ ತನಕ ಸುಟ್ಟ ಹಾಗೆ ಕೆಂಪಾಗಿತ್ತು.

"ದಿನಕ್ಕೆ ಎಷ್ಟು ಸಲ ತೊಳೀತೀರಿ?" ಡಾಕ್ಟರು ಕೇಳಿದರು.

"ಎಣಿಸೋದು ಬಿಟ್ಟಿದೀನಿ. ಎಣಿಸ್ತಾ ಕೂತ್ರೆ ತಪ್ಪಿತು ಅಂತ ಮತ್ತೆ ಮೊದಲಿಂದ ತೊಳೀಬೇಕಾಗತ್ತೆ."

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿಯಿಂದ ಎರಡು ಕುರ್ಚಿ ಬಿಟ್ಟು, ಅಭ್ಯಾಸಬಲವೆಂಬಂತೆ, ಗೋಡೆಗಂಟಿಕೊಂಡು ಕೂತಿದ್ದ. ಉಗುರಿನ ಅಂಚಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಕಪ್ಪು ಗ್ರೀಸು. ವಾತಾವರಣ ಬಿಗಿಯಾಯಿತು ಅನ್ನಿಸಿತೋ ಏನೋ, "ಡಿಪೋ ಮ್ಯಾನೇಜರು ಕೈ ತೊಳ್ಕೊಂಡು ನನ್ನ ಹಿಂದೆ ಬಿದ್ದಿದಾರೆ ಅಂತ ಎಲ್ರೂ ಅಂತಾರೆ ಸಾರ್. ಸುಳ್ಳು. ನಿಜವಾಗ್ಲೂ ಕೈ ತೊಳ್ಕೊಂಡು ಬಿದ್ದಿರೋಳು ಇವಳೊಬ್ಬಳೇ" ಎಂದ. ನಾವು ನಕ್ಕೆವು. ಅವಳೂ ನಕ್ಕಳು. ನಕ್ಕ ತಕ್ಷಣ ಅವಳ ಕಣ್ಣು ಮೂಲೆಯ ಸಿಂಕಿನ ಕಡೆ ಹೋಯಿತು.

ಕಥೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಏಳು ವರ್ಷದ ಹಿಂದೆ ಅವಳಿಗೆ ಎರಡನೇ ಮಗು ಹುಟ್ಟಿತ್ತು, ಗಂಡು, ತಿಂಗಳು ಮುಂಚೆಯೇ. ಒಂಬತ್ತನೇ ದಿನ ನಂಜೇರಿ ತೀರಿಕೊಂಡಿತು. ಹುಟ್ಟುವಾಗಲೇ ತಗುಲಿದ ನಂಜು, ಯಾರ ತಪ್ಪೂ ಅಲ್ಲ ಎಂದು ಅಲ್ಲಿನ ವೈದ್ಯರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಆದರೆ ಮನೆಗೆ ಬಂದ ಸಂಜೆ ನಾದಿನಿ, ಕೆಟ್ಟ ಮನಸ್ಸಿನಿಂದಲ್ಲ, ಏನೋ ಮಾತಿಗೆ ಎಂಬಂತೆ ಕೇಳಿದ್ದಳು: "ಎತ್ಕೊಳ್ಳೋ ಮುಂಚೆ ಕೈ ತೊಳ್ಕೊಂಡಿದ್ರಿ ತಾನೆ ಅತ್ತಿಗೆ?"

ಅಷ್ಟೇ. ಅಂದಿನಿಂದ ಅವಳು ತೊಳೆಯುತ್ತಲೇ ಇದ್ದಳು.

ಆಗ ಮೂರು ವರ್ಷದವಳಿದ್ದ ಮಗಳಿಗೆ ಈಗ ಹತ್ತು. ಏಳು ವರ್ಷದಿಂದ ಅವಳು ಮಗಳನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ಜಡೆ ಹೆಣೆಯುವವನು ಗಂಡ; "ಫ್ಯಾನ್ ಬೆಲ್ಟ್ ಹಾಕಿದ್ಹಾಗೆ ಹಾಕ್ತೀನಿ" ಎಂದು ಅವನೇ ಹೇಳಿಕೊಂಡ. ಹೊಲಿಗೆ ಮಾತ್ರ ಅವಳು ಬಿಟ್ಟಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಸೀಮೆಸುಣ್ಣದ ಒಂದು ಗೆರೆ ಎಳೆದಿದ್ದಳು. ಗಿರಾಕಿ ಆ ಗೆರೆಯ ಆಚೆ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು. ಇವಳು ಟೇಪು ಮುಟ್ಟದೆ, ಬರೀ ಕಣ್ಣಳತೆಯಲ್ಲಿ ಎದೆ, ಸೊಂಟ, ತೋಳು ಎಲ್ಲ ಬರೆದುಕೊಳ್ಳುವಳು. ಹೊಲಿದದ್ದು ಮೈಗೆ ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತಂತೆ. ಜನ ಅದನ್ನು ಜಾಣ್ಮೆ ಎಂದುಕೊಂಡಿದ್ದರು. ಅದು ಭಯ ಎಂದು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ.

ಮಾತ್ರೆಗಳು, ಸಲಹೆ, ಅಭ್ಯಾಸ ಬಿಡಿಸುವ ಚಿಕಿತ್ಸೆ, ಎಲ್ಲ ಆಗಿತ್ತು. ಅದಕ್ಕೇ ನಮ್ಮಲ್ಲಿಗೆ ಬಂದಿದ್ದಳು.

ನಮ್ಮದು ಸಂಶೋಧನೆ. ಒಂದು ಜಾತಿಯ ಅಣಬೆಯಲ್ಲಿರುವ ರಾಸಾಯನಿಕವನ್ನು ಪ್ರಯೋಗಾಲಯದಲ್ಲಿ ಶುದ್ಧವಾಗಿ ತಯಾರಿಸಿ ಕ್ಯಾಪ್ಸೂಲಿಗೆ ತುಂಬುತ್ತಾರೆ. ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಪುಡಿ. ಅದನ್ನು ನುಂಗಿದವರಿಗೆ ಐದಾರು ಗಂಟೆ ಲೋಕವೇ ಬೇರೆಯಾಗಿ ಕಾಣುತ್ತದೆ. ಅದರಿಂದ ಇಂಥ ಕಾಯಿಲೆಗೆ ಉಪಯೋಗವಿದೆಯೇ, ನೆನಪಿಗೆ, ಯೋಚನೆಗೆ ತೊಂದರೆಯೇ, ನೋಡುವುದು ನಮ್ಮ ಕೆಲಸ. ಕೆಲವರಿಗೆ ನಿಜವಾದ ಪುಡಿ, ಕೆಲವರಿಗೆ ಹೋಲಿಸಿ ನೋಡಲೆಂದು ಬೇರೇನೋ. ಯಾರಿಗೆ ಯಾವುದು ಎಂದು ಕೊಡುವ ನನಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

ನಿಜ ಹೇಳುತ್ತೇನೆ, ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ನುಂಗಿ ಬುದ್ಧಿ ಕೆಟ್ಟು ವಾರ್ಡಿಗೆ ಬಂದವರನ್ನು ನಾನು ಎಷ್ಟೋ ರಾತ್ರಿ ಕಾದಿದ್ದೆ. ಅದೇ ಜಾತಿಯದನ್ನು ಈಗ ಬಿಳಿ ತಟ್ಟೆಯಲ್ಲಿಟ್ಟು ನಾನೇ ಕೊಡುವುದೇ? ಒಪ್ಪಿಕೊಂಡಿದ್ದು ಡಾಕ್ಟರ ಮುಖ ನೋಡಿ. ಅವರು ಸಣಕಲು ಮನುಷ್ಯ, ಮಾತು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಪರೂಪದ ಜಾತಿ.

"ನಾವು ಪವಾಡ ಮಾಡೋಕೆ ಕೂತಿಲ್ಲಮ್ಮ, ಅಳತೆ ಮಾಡೋಕೆ ಕೂತಿದೀವಿ," ಎಂದರು ಅವರು ಅವಳಿಗೆ. "ಗುಣ ಆಗಬಹುದು, ಆಗದೇನೂ ಇರಬಹುದು. ಹೆದರಿಕೆ ಆಗೋದಂತೂ ಖಂಡಿತ ಅಂತಾನೇ ಇಟ್ಕೊಳ್ಳಿ."

"ಅಳತೆ ಮಾಡಿ ಸಾರ್. ನಾನೂ ಅಳೆಯೋಳೇ. ತಪ್ಪಿದ್ರೆ ಹೇಳ್ತೀನಿ," ಎಂದಳು.

ಅಳೆದೆವು. ಕಾಯಿಲೆಯ ತೀವ್ರತೆಗೆ ನಲವತ್ತು ಅಂಕದ ಪ್ರಶ್ನೆಪಟ್ಟಿ, ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು; ಅವಳಿಗೆ ಮೂವತ್ತೊಂದು. ಹದಿನೈದು ಪದ ಓದಿ ಹೇಳಿದರೆ ಹನ್ನೊಂದು ನೆನಪಿಟ್ಟಳು. ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ ಕಾರ್ಡು ಜೋಡಿಸುವ ಪರೀಕ್ಷೆ. ಮೊದಲು ಬಣ್ಣದ ಪ್ರಕಾರ ವಿಂಗಡಿಸಬೇಕು, ನಡುವೆ ಹೇಳದೆ ಕೇಳದೆ ನಿಯಮ ಬದಲಾಗುತ್ತದೆ, ಆಕಾರದ ಪ್ರಕಾರ ಇಡಬೇಕು. ತಪ್ಪು ಎಂದು ಪರದೆ ಕೂಗುತ್ತಿದ್ದರೂ ಅವಳು ಬಣ್ಣವನ್ನು ಬಿಡಲಿಲ್ಲ. "ತಪ್ಪು ಅಂತ ಗೊತ್ತಾಗ್ತಿದೆ ಸಿಸ್ಟರ್," ಎಂದಳು ಬೆವರೊರೆಸಿಕೊಳ್ಳುತ್ತ, "ಕೈ ಮಾತ್ರ ಅಲ್ಲಿಗೇ ಹೋಗತ್ತೆ."

ಕೊನೆಯಲ್ಲಿ ಸ್ಪರ್ಶದ ಹಾಳೆ. ಔಷಧಿಯ ಪ್ರಭಾವದಲ್ಲಿ ಇರುವಾಗ ನಾವು ಅವರ ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ, ಏನೂ ಬೇಡವೇ ಎಂದು ಮೊದಲೇ ಬರೆಸಿಕೊಳ್ಳುತ್ತೇವೆ. ಜೀವಕ್ಕೆ ಅಪಾಯವಾದರೆ ಬಿಟ್ಟು ಅದನ್ನು ಮೀರುವ ಹಾಗಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಚಿಲಕವಿಲ್ಲದ ಬಾಗಿಲು. ಯಾರು ಬೇಕಾದರೂ ಒಳಗೆ ಹೋಗಬಹುದು. ಆದ್ದರಿಂದ ನೆಟ್ಟಗಿರುವ ತಲೆಯಲ್ಲಿ ಒಪ್ಪಿದ್ದು ಮಾತ್ರ ಒಪ್ಪಿಗೆ. ಅವಳು 'ಏನೂ ಬೇಡ' ಎಂಬಲ್ಲಿ ಗುರುತು ಹಾಕಿದಳು. ಸಾಲದೆಂದು ಕೆಳಗೆ ದುಂಡಗೆ ಬರೆದಳು: ನಾನೇ ಕೇಳಿದರೂ ಮುಟ್ಟಬೇಡಿ. ಬರೆದು ಪೆನ್ನನ್ನು ಕರ್ಚೀಫಿನಲ್ಲಿ ಹಿಡಿದು ಮೇಜಿನ ಮೇಲಿಟ್ಟಳು.

ಆ ದಿನ ಬೆಳಿಗ್ಗೆ ಎಂಟೂವರೆಗೇ ಬಂದಳು. ರಕ್ತದೊತ್ತಡದ ಪಟ್ಟಿ ತನ್ನ ತೋಳಿಗೆ ತಾಗದಂತೆ ತೆಳು ಬಟ್ಟೆಯ ತೋಳುಚೀಲವೊಂದನ್ನು ಹೊಲಿದು ತಂದಿದ್ದಳು. ನಮ್ಮ ಕೋಣೆ ಹಿಂದೆ ಎಕ್ಸ್‌ರೇ ಫಿಲ್ಮುಗಳ ಉಗ್ರಾಣವಾಗಿತ್ತು. ಈಗ ಒಂದು ಮಂಚ, ಎರಡು ಕುರ್ಚಿ, ಕಡಿಮೆ ಬೆಳಕಿನ ದೀಪ. ಮಂಚದ ಮೇಲೆ ಅವಳದೇ ಹೊದಿಕೆ, ಅವಳದೇ ದಿಂಬಿನ ಚೀಲ. ಒಂಬತ್ತಕ್ಕೆ ಕ್ಯಾಪ್ಸೂಲು ಕೊಟ್ಟೆ. ಮನೆಯಿಂದ ತಂದ ಲೋಟದಲ್ಲಿ, ಮನೆಯಿಂದ ತಂದ ನೀರು ಕುಡಿದು ನುಂಗಿದಳು. ಕಣ್ಣಿಗೆ ಪಟ್ಟಿ, ಕಿವಿಗೆ ಮೆಲ್ಲಗಿನ ಸಂಗೀತ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ನಾನು.

ನಲವತ್ತು ನಿಮಿಷ ಏನೂ ಇಲ್ಲ. ಇವಳಿಗೆ ಸಿಕ್ಕಿದ್ದು ಬೇರೆಯದೇ ಇರಬೇಕು ಎಂದುಕೊಂಡೆ. ಆಮೇಲೆ ಆಕಳಿಕೆ ಶುರುವಾಯಿತು, ಒಂದರ ಹಿಂದೊಂದು. ಕಣ್ಣುಪಟ್ಟಿಯ ಕೆಳಗಿಂದ ನೀರು ಇಳಿಯತೊಡಗಿತು. ಹತ್ತೂಕಾಲರ ಹೊತ್ತಿಗೆ ಅವಳ ಇಡೀ ಮೈ ಮುದುಡಿಕೊಂಡಿತು.

"ಕೊಳೆ," ಎಂದಳು. "ಬಾಯೊಳಗೆ ಬರ್ತಿದೆ. ಗೋಡೆಯಿಂದ ಬರ್ತಿದೆ. ಸಿಸ್ಟರ್, ನನ್ನೊಳಗೇ ಇದೆ ಅದು, ನಾನೇ ಅದು!"

ವಾರ್ಡಿನಲ್ಲಾಗಿದ್ದರೆ ಸೂಜಿ ತೆಗೆದುಕೊಂಡು ಓಡುತ್ತಿದ್ದೆ. ಕೈ ತುರಿಸಿತು. ಡಾಕ್ಟರು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿ, ಅವಳ ಕಿವಿಯ ಹತ್ತಿರ ಬಾಗಿ ಹೇಳಿದರು: "ಓಡಬೇಡಿ. ಅದನ್ನ ನೋಡಿ. ಏನು ಅಂತ ಅದನ್ನೇ ಕೇಳಿ. ನಾವಿಬ್ರೂ ಇಲ್ಲೇ ಇದೀವಿ."

ಅರ್ಧ ಗಂಟೆ ಅವಳು ನರಳಿದಳು. ರಕ್ತದೊತ್ತಡ ಏರಿತು, ನಿಲ್ಲಿಸಬೇಕಾದ ಗೆರೆಗಿಂತ ಸ್ವಲ್ಪವೇ ಕೆಳಗೆ ನಿಂತಿತು. ಆಮೇಲೆ ತಟಕ್ಕನೆ ಉಸಿರು ಸಡಿಲವಾಯಿತು. ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಾನು ಹೆಣಗಳ ಮುಖ ಸಡಿಲವಾಗುವುದನ್ನು ನೋಡಿದ್ದೇನೆ, ನಿದ್ದೆಗೆ ಜಾರುವ ಮುಖ ನೋಡಿದ್ದೇನೆ. ಇದು ಎರಡೂ ಅಲ್ಲ.

"ಕೈ," ಎಂದಳು ಮೆಲ್ಲಗೆ. "ಎಷ್ಟೊಂದು ಕೈ."

"ಯಾರ ಕೈ?" ಡಾಕ್ಟರು ಕೇಳಿದರು.

"ನನ್ನ ಹೆರಿಗೆ ಮಾಡಿಸ್ದೋಳದ್ದು. ನಮ್ಮಮ್ಮಂದು. ಅವಳನ್ನ ಎತ್ಕೊಂಡಿದ್ದ ನಮ್ಮಜ್ಜಿದು. ಅವಳ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು... ಮುಗಿಯೋದೇ ಇಲ್ಲ ಇದು. ಎಲ್ಲಾ ಕೈಗೂ ಮಣ್ಣಿದೆ, ಮಸಿ ಇದೆ, ಹಾಲಿದೆ, ರಕ್ತ ಇದೆ. ಯಾರೂ ತೊಳ್ಕೊಂಡಿಲ್ಲ. ಒಬ್ರಿಂದ ಒಬ್ರು ಎತ್ಕೊಂಡು ಎತ್ಕೊಂಡು ನನ್ನ ಇಲ್ಲೀತನಕ ತಂದ್ರು."

ಅವಳು ಮಗುವಿನ ಹಾಗೆ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆಮೇಲೆ ಹೊದಿಕೆಯ ಒಳಗಿನಿಂದ ಆ ಸೀಳಿದ ಬಲಗೈ ಹೊರಬಂತು. ಅಂಗೈ ಮೇಲಾಗಿ ನನ್ನ ಕಡೆ ಚಾಚಿತು.

"ಸಿಸ್ಟರ್, ಕೈ ಹಿಡ್ಕೊಳ್ಳಿ."

ಏಳು ವರ್ಷದಿಂದ ಯಾರಿಗೂ ಚಾಚದ ಕೈ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಡಾಕ್ಟರ ಮುಖ ನೋಡಿದೆ. ಅವರ ಕಣ್ಣಲ್ಲೂ ನೀರಿತ್ತು, ಆದರೂ ತಲೆ ಅಡ್ಡಡ್ಡ ಆಡಿತು.

"ಇಲ್ಲೇ ಇದೀನಿ," ಎಂದೆ. "ಆದ್ರೆ ಹಿಡ್ಕೊಳ್ಳೋಕಾಗಲ್ಲ. ನೀವೇ ಬೇಡ ಅಂತ ಬರ್ದಿದೀರಿ."

"ಅದನ್ನ ಬರ್ದೋಳು ಬೇರೆಯವಳು. ದಮ್ಮಯ್ಯ ಅಂತೀನಿ, ಒಂದ್ಸಲ."

"ಅವಳಿಗೆ ಮಾತು ಕೊಟ್ಟಿದೀನಮ್ಮ."

ನನ್ನ ಕೆಲಸದ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಮಾತು ನಾನು ಆಡಿಲ್ಲ. ಕೈ ಹಾಗೇ ಚಾಚಿಕೊಂಡಿತ್ತು, ಎಷ್ಟು ಹೊತ್ತೋ. ಹಿಡಿದುಬಿಡು, ಯಾವ ಕಾನೂನು ಇದಕ್ಕಿಂತ ದೊಡ್ಡದು ಎಂದು ಮನಸ್ಸು ಒದ್ದಾಡಿತು. ಹಿಡಿದರೆ, ನಾಳೆ ಎಚ್ಚರವಾದ ಹೆಂಗಸು ನನ್ನನ್ನು ಮೋಸಗಾತಿ ಎಂದರೆ? ಆ ಕೈಯನ್ನು ಸುಡುವ ನೀರಿನಲ್ಲಿ ಉಜ್ಜಿ ಉಜ್ಜಿ ಮೂಳೆ ಕಾಣಿಸಿಕೊಂಡರೆ? ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅವಳು ಬೇಡಿಕೊಳ್ಳುವುದು ನಿಲ್ಲಿಸಿದಳು. ಕೈ ನಿಧಾನವಾಗಿ ಕೆಳಗಿಳಿಯಿತು. ಮಂಚದ ಅಂಚು ದಾಟಿತು. ಬೆರಳು ನೆಲಕ್ಕೆ ತಾಗಿತು. ಆಸ್ಪತ್ರೆಯ ನೆಲ! ದಿನಾ ನೂರು ಬೂಟು, ಚಕ್ರದ ಕುರ್ಚಿ, ಸಾರಿಸುವ ಕೋಲು ಓಡಾಡುವ ಬೂದು ನೆಲ. ಅವಳು ಪ್ರತಿ ಸಲ ಹೊಸ ಚಪ್ಪಲಿ ಹಾಕಿಕೊಂಡು ತುಳಿದು, ಹೋಗುವಾಗ ಆ ಚಪ್ಪಲಿಯನ್ನೇ ಹೊರಗೆ ಬಿಟ್ಟು ಹೋಗುತ್ತಿದ್ದ ನೆಲ. ಒಂದು ಬೆರಳು, ಆಮೇಲೆ ಐದೂ, ಆಮೇಲೆ ಇಡೀ ಅಂಗೈ. ಮಲಗಿದ ದನದ ಬೆನ್ನು ಸವರುವಂತೆ ಅದನ್ನು ಸವರಿದಳು.

"ಇದೂ ಹಿಡ್ಕೊಂಡಿದೆ," ಎಂದಳು. "ಎಲ್ರನ್ನೂ ಹಿಡ್ಕೊಂಡಿದೆ. ಒಂದು ದಿನಾನೂ ಬಿಟ್ಟಿಲ್ಲ."

ನನಗೆ ಏನಾಯಿತೋ ಗೊತ್ತಿಲ್ಲ. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತೆ, ಅವಳ ಕೈಯಿಂದ ಒಂದು ಮೊಳ ದೂರದಲ್ಲಿ ನನ್ನ ಅಂಗೈ ಊರಿದೆ. ಅದು ಸ್ಪರ್ಶವಲ್ಲ, ಯಾವ ಹಾಳೆಯೂ ಅದನ್ನು ತಡೆಯುವುದಿಲ್ಲ. ನೆಲ ತಣ್ಣಗಿತ್ತು. ಮೂರು ಮಹಡಿಯ ಕೆಳಗಿನ ಯಂತ್ರಗಳ ಸಣ್ಣ ನಡುಕ ಅಂಗೈಗೆ ಸಿಕ್ಕಿತು. ಹನ್ನೊಂದು ವರ್ಷದಿಂದ ಆ ಕಟ್ಟಡದಲ್ಲಿ ಓಡಾಡಿದ್ದೆ, ಆ ನಡುಕ ಇದೆಯೆಂದೇ ಗೊತ್ತಿರಲಿಲ್ಲ. ಕತ್ತೆತ್ತಿದರೆ ಡಾಕ್ಟರು ಟಿಪ್ಪಣಿ ಬರೆಯುವುದನ್ನೂ ಮರೆತು ಬಾಯಿ ತೆರೆದು ನಮ್ಮಿಬ್ಬರನ್ನು ನೋಡುತ್ತಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಕಣ್ಣುಪಟ್ಟಿ ತೆಗೆದಳು. ಎದ್ದು ಕೂತು ತನ್ನ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಯಾರೋ ಅವನ್ನು ಹೊಸದಾಗಿ ಪರಿಚಯ ಮಾಡಿಕೊಟ್ಟ ಹಾಗೆ.

"ಒಂಬತ್ತು ದಿನ," ಎಂದಳು. "ಅವನು ಇದ್ದಿದ್ದೇ ಒಂಬತ್ತು ದಿನ. ಆ ಒಂಬತ್ತು ದಿನಾನೂ ಈ ಕೈನೇ ಹಿಡ್ಕೊಂಡಿತ್ತು. ಕೊಂದಿದ್ದಲ್ಲ ಸಿಸ್ಟರ್, ಹಿಡ್ಕೊಂಡಿದ್ದು. ನಾನು ಅದನ್ನೇ ಮರ್ತಿದ್ದೆ."

ಯಾರು ಯಾವ ಸಲಹೆ ಕೊಟ್ಟಿದ್ದರೂ ಆ ಮಾತು ಅವಳೊಳಗೆ ಇಳಿಯುತ್ತಿರಲಿಲ್ಲ. ಏಳು ವರ್ಷ ಎಲ್ಲರೂ ಬೇರೆ ಬೇರೆ ಥರ ಅದನ್ನೇ ಹೇಳಿದ್ದರಲ್ಲ.

ಮರುದಿನ ಹತ್ತು ಗಂಟೆಗೆ ಮಾತುಕತೆಗೆ ಬಂದಳು. ರಾತ್ರಿ ನಿದ್ದೆ ಬಂದಿತ್ತಂತೆ. ಬೆಳಿಗ್ಗೆ ಎರಡು ಸಲ ಕೈ ತೊಳೆದಳಂತೆ. ಮೂರನೇ ಸಲ ನಲ್ಲಿಯ ಮುಂದೆ ನಿಂತು, ಯಾಕೆ ಬಂದೆ ಎಂದು ನೆನಪಾಗದೆ ವಾಪಸು ಹೋದಳಂತೆ. ಇದನ್ನೆಲ್ಲ ಹೇಳಿ ನನ್ನ ಕಡೆ ತಿರುಗಿದಳು.

"ನಿನ್ನೆ ನೀವು ಹಿಡ್ಕೊಂಡಿಲ್ಲ."

"ಇಲ್ಲ. ಬೇಜಾರಾಯ್ತಾ?"

"ಆವಾಗ ನಿಮ್ಮನ್ನ ಎಷ್ಟು ಬೈದೆ ಗೊತ್ತಾ, ಮನಸ್ಸಲ್ಲಿ! ಮನೆಗೆ ಹೋಗಿ ಯೋಚನೆ ಮಾಡ್ದೆ. ನಾನು ಹುಚ್ಚುಹುಚ್ಚಾಗಿ ಕೇಳಿದ್ರೂ ನನ್ನ ಮಾತು ಕಾಪಾಡಿದೋಳು ನೀವೊಬ್ರೇ." ಕುರ್ಚಿಯ ಅಂಚಿಗೆ ಸರಿದಳು. "ಈಗ ನನ್ನ ತಲೆ ನೆಟ್ಟಗಿದೆ. ಈಗ ಕೇಳ್ತೀನಿ. ಆ ಹಾಳೆ ಇನ್ನೊಂದು ಇದ್ರೆ ಕೊಡಿ, ಬರ್ದೇ ಕೊಡ್ತೀನಿ."

"ಇವತ್ತು ಹಾಳೆ ಬೇಕಿಲ್ಲಮ್ಮ," ಎಂದು ಡಾಕ್ಟರು ನಕ್ಕರು.

ನಾನು ಎದ್ದು, ವೃತ್ತಿಯ ಅಭ್ಯಾಸ, ಸೀದಾ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದೆ.

"ಬೇಡ ಅಕ್ಕ," ಎಂದಳು ಅವಳು. "ತೊಳೀಬೇಡಿ."

ಅವಳು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು. ನಲ್ಲಿ ನಿಲ್ಲಿಸಿದೆ. ಪೆನ್ನಿನ ಶಾಯಿ, ಬಾಗಿಲ ಹಿಡಿ, ಬೆಳಗಿನ ಬಸ್ಸಿನ ಟಿಕೆಟು, ಎಲ್ಲವನ್ನೂ ಮುಟ್ಟಿದ ಕೈಯನ್ನು ಹಾಗೇ ಚಾಚಿದೆ. ಅವಳು ಹಿಡಿದಳು. ಮೊದಲು ಬೆಂಕಿ ಮುಟ್ಟಿದಂತೆ ಬೆರಳು ಹಿಂದಕ್ಕೆ ಜಗ್ಗಿತು, ಹಣೆಯಲ್ಲಿ ಬೆವರು ಮೂಡಿತು. ಬಿಡಲಿಲ್ಲ. ಒರಟಾಗಿ, ಬಿಸಿಯಾಗಿ ಇತ್ತು ಅವಳ ಕೈ. ಗಡಿಯಾರ ನೋಡಿಕೊಂಡ ಡಾಕ್ಟರು ನಾಲ್ಕು ನಿಮಿಷ ಎಂದು ಬರೆದುಕೊಂಡರು. ನನಗಂತೂ ಅದು ನಾಲ್ಕು ನಿಮಿಷ ಅನ್ನಿಸಲಿಲ್ಲ.

ಮುಂದಿನ ವಾರ ಗಂಡ ಒಬ್ಬನೇ ಔಷಧಿಯ ಚೀಟಿಗೆ ಬಂದಿದ್ದ. ಮಾತು ಶುರು ಮಾಡಿ ಮೂರು ಸಲ ನಿಲ್ಲಿಸಿದ. ಭಾನುವಾರ ಅವಳು ಮಗಳನ್ನು ಕರೆದು, ಟೇಪು ತೆಗೆದು, ಬೆನ್ನು, ತೋಳು, ಕೊರಳು ಅಳೆದಳಂತೆ. ಮಗಳು ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತಿದ್ದಳಂತೆ, ಅಲುಗಾಡಿದರೆ ಅಮ್ಮ ಹೋಗಿಬಿಡುತ್ತಾಳೆ ಎಂಬಂತೆ.

"ಕಣ್ಣಳತೇಲಿ ಭುಜ ಅರ್ಧ ಇಂಚು ತಪ್ಪು ಹೊಲೀತಿದ್ಳಂತೆ ಸಿಸ್ಟರ್, ಇಷ್ಟು ವರ್ಷ. ಮಗು ಹೇಳೇ ಇರ್ಲಿಲ್ಲ. ಬಿಗಿ ಆಗ್ತಿತ್ತಂತೆ, ಹಾಕ್ಕೊಂಡಿರ್ತಿತ್ತು." ಅವನು ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಂಡ. "ಇನ್ನು ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಧೈರ್ಯವಾಗಿ ಹೇಳ್ಬೋದು ನಮ್ಮನೇಲಿ."

ಇದನ್ನು ಕೇಳಿ ಎಲ್ಲ ಸುಖಾಂತ್ಯ ಎಂದು ಯಾರೂ ತಿಳಿಯಬಾರದು. ಒಂದು ತಿಂಗಳಿಗೆ ಅವಳ ಅಂಕ ಹದಿಮೂರಕ್ಕೆ ಇಳಿದಿತ್ತು. ಪದಗಳ ನೆನಪು ಇದ್ದಷ್ಟೇ ಇತ್ತು, ಕೆಟ್ಟಿರಲಿಲ್ಲ. ಕಾರ್ಡಿನ ಪರೀಕ್ಷೆಯಲ್ಲಿ ನಿಯಮ ಬದಲಾದಾಗ ಎರಡು ಸಲ ತಪ್ಪಿ, ಮೂರನೆಯದಕ್ಕೆ "ಓ, ಈಗ ಆಕಾರನಾ?" ಎಂದು ಸಲೀಸಾಗಿ ದಾರಿ ಬದಲಿಸಿದಳು. ಆರನೇ ತಿಂಗಳಲ್ಲಿ ಅಂಕ ಮತ್ತೆ ಹದಿನೆಂಟಕ್ಕೆ ಏರಿತ್ತು. ನಮ್ಮಲ್ಲಿಗೆ ಬಂದ ಬೇರೆಯವರಲ್ಲಿ ಕೆಲವರಿಗೆ ಏನೂ ಆಗಲಿಲ್ಲ. ಶಾಲಾ ಮೇಷ್ಟ್ರೊಬ್ಬರು ಮೂರು ಗಂಟೆ ಬರೀ ಭಯದಲ್ಲಿ ಬೆಂದು, ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ ಎಂದು ಹೋದರು. ಅವರನ್ನು ಸರಿಪಡಿಸಲು ನಮಗೆ ವಾರಗಳೇ ಹಿಡಿದವು. ಇದನ್ನೂ ಡಾಕ್ಟರು ಅಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ.

ಆರನೇ ತಿಂಗಳ ಪರೀಕ್ಷೆಗೆ ಅವಳು ಒಬ್ಬಳೇ ಬಂದಿದ್ದಳು. ಅಂಕ ಏರಿದ್ದನ್ನು ಹೇಳಿದಾಗ ನನಗೇ ಸಂಕಟ. ಅವಳು ಮಾತ್ರ ನಿರಾಳವಾಗಿದ್ದಳು.

"ಭಯ ಹೋಗಿಲ್ಲ ಅಕ್ಕ, ಬರತ್ತೆ. ಮುಂಚೆ ಅದು ಬಂದ್ರೆ ಮನೆ ಯಜಮಾನನೇ ಬಂದ ಹಾಗೆ ಎದ್ದು ನಿಲ್ತಿದ್ದೆ. ಈಗ ಬಂದ್ಯಾ, ಅಲ್ಲಿ ಕೂತಿರು, ಈ ಕಾಲರ್ ಮುಗಿಸ್ಬಿಡ್ತೀನಿ ಅಂತೀನಿ. ಕೆಲವು ದಿನ ಕೂತಿರತ್ತೆ. ಕೆಲವು ದಿನ ಕೂರಲ್ಲ."

ಅವಳಿಗೆ ಸಿಕ್ಕಿದ್ದು ನಿಜವಾದ ಪುಡಿಯೇ ಎಂದು ಅಷ್ಟು ಹೊತ್ತಿಗೆ ನಮಗೆ ತಿಳಿಸಿದ್ದರು. ಅವಳು ಹೊರಟ ಮೇಲೆ ಡಾಕ್ಟರನ್ನು ಕೇಳಿದೆ: "ಸಾರ್, ಅಷ್ಟು ಚೂರು ಪುಡಿ. ಒಳಗೆ ಹೋಗಿ ಏನು ಮಾಡತ್ತೆ ಅದು? ಅಷ್ಟೊಂದು ಕೈಗಳು ಎಲ್ಲಿಂದ ಬಂದವು?"

ಅವರು ಪರದೆಯ ಮೇಲೆ ಮಿದುಳಿನ ಚಿತ್ರ ತೆಗೆದು, ಯಾವ ಭಾಗ ಯಾವುದರ ಜೊತೆ ಮಾತಾಡತೊಡಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. ತೋರಿಸುತ್ತ ತೋರಿಸುತ್ತ ದನಿ ತಗ್ಗಿತು.

"ಇಷ್ಟು ಗೊತ್ತು," ಎಂದರು. "ಪುಡಿ ಬಾಗಿಲು ತೆಗೀತು ಅನ್ನಬಹುದು. ಒಳಗಿದ್ದದ್ದು ಅವಳದ್ದೇ. ಅಷ್ಟು ದೊಡ್ಡದು ಒಬ್ಬ ಟೈಲರಮ್ಮನ ಒಳಗೆ ಹೇಗೆ ಹಿಡಿಸಿತ್ತು ಅಂದ್ರೆ, ನಂಗೆ ಗೊತ್ತಿಲ್ಲ ಸಿಸ್ಟರ್."

ನಾನು ಕಿಟಕಿಗೆ ಬಂದು ನಿಂತೆ. ಕೆಳಗೆ ಬಸ್ ನಿಲ್ದಾಣದಲ್ಲಿ ಜನವೋ ಜನ. ಅವರ ನಡುವೆ ಅವಳಿದ್ದಳು, ಚೀಲ ಎದೆಗವಚಿಕೊಂಡು. ಬಸ್ಸು ಬಂತು, ಬಾಗಿಲವರೆಗೂ ತುಂಬಿ. ಮೆಟ್ಟಿಲ ಮುಂದೆ ಅವಳು ತಡೆದು ನಿಂತಳು. ಹಿಂದಿನವರು ಗದರಿರಬೇಕು, ತಿರುಗಿ ಏನೋ ಹೇಳಿದಳು. ಆಮೇಲೆ ಕೈಯೆತ್ತಿ, ಬೆಳಗಿನಿಂದ ಎಷ್ಟು ಸಾವಿರ ಜನ ಹಿಡಿದು ಹತ್ತಿದ್ದರೋ, ಆ ಬಾಗಿಲ ಕಂಬಿಯನ್ನು ಬರಿಗೈಯಲ್ಲಿ ಹಿಡಿದು ಹತ್ತಿದಳು. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈ ಕಂಬಿಯ ಮೇಲೇ ಇತ್ತು.